‘ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತೆ’: ಒಂದು ಮಾತಿನ ಇಪ್ಪತ್ತೈದು ವರ್ಷ

2025ರ ಫೆಬ್ರುವರಿ 18ರಂದು ಹ್ಯೂಮೇನ್ ಎಂಬ ಅಮೆರಿಕದ ಕಂಪನಿ ತನ್ನ ಗಿರಾಕಿಗಳಿಗೆ ಒಂದು ತಿಳಿವಳಿಕೆ ಕೊಟ್ಟಿತು. ನೀವು ಕೊಂಡಿರುವ ‘ಎಐ ಪಿನ್’ ಇನ್ನು ಹತ್ತೇ ದಿನ ಕೆಲಸ ಮಾಡುತ್ತದೆ. 28ನೇ ತಾರೀಕಿನ ಮೇಲೆ ಅದರಿಂದ ಕರೆ ಹೋಗುವುದಿಲ್ಲ, ಮೆಸೇಜು ಹೋಗುವುದಿಲ್ಲ, ಕೇಳಿದ್ದಕ್ಕೆ ಉತ್ತರವೂ ಬರುವುದಿಲ್ಲ. ಬ್ಯಾಟರಿ ಎಷ್ಟಿದೆ ಎಂದು ಹೇಳುವಂಥ ಚಿಲ್ಲರೆ ಕೆಲಸ ಮಾತ್ರ ನಡೆಯುತ್ತದೆ. ಕಳೆದ 90 ದಿನಗಳೊಳಗೆ ಪಿನ್ ಕೈಸೇರಿದವರಿಗೆ ಹಣ ವಾಪಸ್. ಅದಕ್ಕಿಂತ ಮೊದಲು ಕೊಂಡವರಿಗೆ ಇಲ್ಲ.

ಈ ಪಿನ್ನಿನ ಬೆಲೆ 699 ಡಾಲರ್ ಇತ್ತು, ಅಂದರೆ ಸುಮಾರು 58 ಸಾವಿರ ರೂಪಾಯಿ. ಮೇಲೆ ತಿಂಗಳಿಗೆ 24 ಡಾಲರ್ ಬೇರೆ. ಬೆಂಕಿಪೊಟ್ಟಣದಷ್ಟು ಗಾತ್ರ, ಅಂಗಿಯ ಎದೆಗೆ ಸಿಕ್ಕಿಸಿಕೊಳ್ಳುವುದು, ಬಾಯಲ್ಲಿ ಕೇಳುವುದು. ಪರದೆ ಇಲ್ಲ. ಅಂಗೈ ಮುಂದೆ ಹಿಡಿದರೆ ಅದರ ಮೇಲೆ ಬೆಳಕಿನ ಅಕ್ಷರ ಮೂಡುತ್ತಿತ್ತು. ಇನ್ನು ಮೊಬೈಲೇ ಬೇಡ ಎಂಬ ಮಾತಿನೊಂದಿಗೆ 2023ರ ನವೆಂಬರ್‌ನಲ್ಲಿ ಇದನ್ನು ಜಗತ್ತಿಗೆ ತೋರಿಸಿದರು. ತೋರಿಸಿದ ವಿಡಿಯೊದಲ್ಲೇ ಅದು ಮುಂದಿನ ಸೂರ್ಯಗ್ರಹಣ ಎಲ್ಲಿ ಚೆನ್ನಾಗಿ ಕಾಣುತ್ತದೆ ಎಂದರೆ ತಪ್ಪು ಊರು ಹೇಳಿತ್ತು! 2024ರ ಏಪ್ರಿಲ್‌ನಲ್ಲಿ ಜನರ ಕೈಗೆ ಬಂದಾಗ, ಹತ್ತು ನಿಮಿಷಕ್ಕೆ ಟೈಮರ್ ಇಡು ಎಂದರೆ ಇಡಲು ಬರುತ್ತಿರಲಿಲ್ಲ. ನಮ್ಮ ಸಂತೆಯಲ್ಲಿ ಸಿಗುವ ಸಾವಿರ ರೂಪಾಯಿಯ ಕೀಪ್ಯಾಡ್ ಫೋನಿಗೂ ಬರುವ ಕೆಲಸ ಅದು. ದೂರಿದವರಿಗೆ ಸಿಕ್ಕ ಉತ್ತರ: ಮುಂದಿನ ಅಪ್‌ಡೇಟ್‌ನಲ್ಲಿ ಬರುತ್ತೆ. ಶುರುವಿಗೆ ಅಮೆರಿಕ ಬಿಟ್ಟು ಬೇರೆಲ್ಲೂ ಮಾರಾಟವಿರಲಿಲ್ಲ. ಕೊನೆಗೆ ಎಚ್‌ಪಿ ಕಂಪನಿ 11.6 ಕೋಟಿ ಡಾಲರ್‌ಗೆ ಹ್ಯೂಮೇನ್‌ನ ತಂತ್ರಜ್ಞಾನವನ್ನು ಕೊಂಡಿತು, ಪಿನ್ ಮುಚ್ಚಿತು.

ನಮ್ಮ ಕಡೆ ಯಾರೂ ಇದನ್ನು ಕೊಂಡಿರಲಿಕ್ಕಿಲ್ಲ. ಆದರೂ ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇಲ್ಲದ ಸೌಲಭ್ಯ ಮುಂದೆ ಬರುತ್ತೆ, ನಿಮ್ಮ ಭಾಷೆ ಆಮೇಲೆ ಬರುತ್ತೆ ಎಂಬ ಮಾತನ್ನು ಅಮೆರಿಕದವರು ಈಗ ಕೇಳಿ ಸಿಟ್ಟಾಗಿದ್ದಾರೆ. ನಾವು ಅದನ್ನು ಕಾಲು ಶತಮಾನದಿಂದ ಕೇಳುತ್ತಿದ್ದೇವೆ. ತಾಲ್ಲೂಕು ಕೇಂದ್ರದ ಮೊಬೈಲ್ ಅಂಗಡಿಯಲ್ಲಿ ಈಗಲೂ ವಯಸ್ಸಾದವರು ಮೊದಲು ಕೇಳುವುದು ಬೆಲೆಯನ್ನಲ್ಲ, ‘ಇದ್ರಾಗ ಕನ್ನಡ ಐತೇನ್ರಿ?’ ಎಂದು.

ಆ ಪ್ರಶ್ನೆಗೆ ‘ಐತಿ’ ಎಂದು ಮೊದಲ ದಿನವೇ ಹೇಳಬಲ್ಲ ಒಂದು ಯಂತ್ರ ಬಂದಿತ್ತು. ಬಂದದ್ದು ಬೆಂಗಳೂರಿನಿಂದಲೇ. ಇವತ್ತಿನ ಇಪ್ಪತ್ತರ ಹುಡುಗರಿಗೆ ಅದರ ಹೆಸರೂ ಗೊತ್ತಿರಲಿಕ್ಕಿಲ್ಲ. ಸಿಂಪ್ಯೂಟರ್.

1998ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಮಾಹಿತಿ ತಂತ್ರಜ್ಞಾನದ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಬಡ ದೇಶಗಳ ಜನರಿಗೆ ಕಂಪ್ಯೂಟರ್ ಮುಟ್ಟಬೇಕಾದರೆ ಅದು ಹೇಗಿರಬೇಕು ಎಂಬ ಚರ್ಚೆ ಅಲ್ಲಿ ಬಂತು. ನಮ್ಮ ಜನ ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಜೊತೆಗೆ ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ವಿನಯ್ ದೇಶಪಾಂಡೆ ಮತ್ತಿತರರು ಸೇರಿ 1999ರಲ್ಲಿ ಸಿಂಪ್ಯೂಟರ್ ಟ್ರಸ್ಟ್ ಮಾಡಿದರು. 2001ರ ಏಪ್ರಿಲ್‌ನಲ್ಲಿ ಮಾದರಿ ಯಂತ್ರ ಹೊರಗೆ ಬಂತು. ಸರಳ, ಅಗ್ಗ, ಬಹುಭಾಷೆಯ ಕಂಪ್ಯೂಟರ್ ಎಂಬ ಅರ್ಥ ಬರುವಂತೆ ಹೆಸರು ಕಟ್ಟಿದ್ದರು. ಗುರಿ ಇಟ್ಟುಕೊಂಡ ಬೆಲೆ 9,000 ರೂಪಾಯಿ.

ಅದನ್ನು ಈಗ ನೆನೆದರೆ ಬೆರಗಾಗುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ, ಮುಟ್ಟಿದರೆ ಕೆಲಸ ಮಾಡುವ ಪರದೆ, ಬರೆಯಲು ಕಡ್ಡಿ. ಐಫೋನ್ ಬರುವುದಕ್ಕೆ ಆರು ವರ್ಷ ಮೊದಲಿನ ಮಾತು ಇದು. ಕರೆಂಟ್ ಇಲ್ಲದ ಊರಿನಲ್ಲೂ ನಡೆಯಲಿ ಎಂದು ಅಂಗಡಿಯಲ್ಲಿ ಸಿಗುವ ಸಣ್ಣ ಸೆಲ್‌ಗಳಲ್ಲೇ ಓಡುವಂತೆ ಮಾದರಿಯನ್ನು ಮಾಡಿದ್ದರು. ಊರಿಗೆಲ್ಲ ಒಂದೇ ಯಂತ್ರ ಇರಲಿ, ಪ್ರತಿಯೊಬ್ಬರ ಹತ್ತಿರ ಒಂದು ಸ್ಮಾರ್ಟ್ ಕಾರ್ಡ್ ಇರಲಿ, ಕಾರ್ಡ್ ತೂರಿಸಿದರೆ ಅವರವರ ಲೆಕ್ಕ ಅವರವರಿಗೆ ಕಾಣಲಿ ಎಂಬುದು ಯೋಚನೆ. ಯಂತ್ರದ ವಿನ್ಯಾಸವನ್ನೂ ಮುಚ್ಚಿಡಲಿಲ್ಲ. ಯಾರು ಬೇಕಾದರೂ ನೋಡಬಹುದಿತ್ತು.

ಎಲ್ಲಕ್ಕಿಂತ ಮುಖ್ಯವಾದದ್ದು, ಅದು ಓದಿ ಹೇಳುತ್ತಿತ್ತು. ಅಕ್ಷರ ಬಾರದವರಿಗೆ ಪರದೆ ಏನು ತೋರಿಸಿದರೂ ಒಂದೇ ತಾನೇ? ಅದಕ್ಕಾಗಿ ರಮೇಶ್ ಹರಿಹರನ್ ‘ಧ್ವನಿ’ ಎಂಬ ತಂತ್ರಾಂಶ ಶುರುಮಾಡಿದರು. ನಮ್ಮ ಭಾಷೆಗಳಲ್ಲಿ ಬರೆದಂತೆ ಓದುತ್ತೇವೆ, ಇಂಗ್ಲಿಷಿನ ಹಾಗೆ ಬರೆಯುವುದೊಂದು ಓದುವುದೊಂದು ಇಲ್ಲ. ಹಾಗಾಗಿ ಪದವನ್ನು ಉಚ್ಚಾರದ ತುಣುಕುಗಳಾಗಿ ಒಡೆದು, ಮೊದಲೇ ಮುದ್ರಿಸಿಟ್ಟ ದನಿಯ ತುಣುಕುಗಳನ್ನು ಜೋಡಿಸಿದರೆ ಯಂತ್ರ ಮಾತಾಡುತ್ತದೆ. ಒಂದೇ ಉಪಾಯ ಕನ್ನಡಕ್ಕೂ ಆಯಿತು, ಹಿಂದಿಗೂ ಆಯಿತು. ದನಿ ಕಡಿದು ಕಡಿದು ಬರುತ್ತಿತ್ತು ನಿಜ. ಆದರೆ ದೊಡ್ಡ ದೊಡ್ಡ ಕಂಪನಿಗಳಿಗೆ ಕನ್ನಡ ಎಂಬ ಭಾಷೆಯ ನೆನಪೂ ಇರದ ಕಾಲದಲ್ಲಿ ಅಂಗೈ ಮೇಲಿನ ಯಂತ್ರವೊಂದು ಕನ್ನಡ ಓದುತ್ತಿತ್ತು.

ಹಾಗಾದರೆ ಅದು ಎಲ್ಲಿ ಹೋಯಿತು?

ಮೊದಲನೆಯದಾಗಿ, ತಡವಾಯಿತು. ಮಾದರಿ ತೋರಿಸಿದ್ದು 2001ರಲ್ಲಿ, ‘ಅಮಿದಾ’ ಹೆಸರಿನ ಸಿಂಪ್ಯೂಟರ್ ಅಂಗಡಿಗೆ ಬಂದದ್ದು 2004ರ ಮಾರ್ಚ್‌ನಲ್ಲಿ. ಪಿಕೋಪೇಟಾ ಕಂಪನಿಗಾಗಿ ಅದನ್ನು ತಯಾರಿಸಿದ್ದು ಬೆಂಗಳೂರಿನ ಬಿಇಎಲ್. ಆರಂಭದ ಬೆಲೆ 9,950 ರೂಪಾಯಿ. ಬಣ್ಣದ ಪರದೆ ಬೇಕಾದರೆ ಅದರ ಎರಡರಷ್ಟು. ಸಂಬಳದವರಿಗೇ ದುಬಾರಿಯಾದ ಆ ದುಡ್ಡನ್ನು ಹಳ್ಳಿಯಲ್ಲಿ ಯಾರು ಕೊಡಬೇಕು? ಪಂಚಾಯಿತಿ ಕೊಳ್ಳುತ್ತದೆ, ಸರ್ಕಾರ ಕೊಳ್ಳುತ್ತದೆ ಎಂಬ ನಿರೀಕ್ಷೆಯಿತ್ತು. ಭೂಮಿ ಯೋಜನೆಯಲ್ಲಿ ಪಹಣಿಯ ಮಾಹಿತಿ ತುಂಬುವ ಕೆಲಸಕ್ಕೆ ಕರ್ನಾಟಕದಲ್ಲಿ ಬಳಸಿದರು, ಛತ್ತೀಸಗಡದ ಶಾಲೆಗಳಲ್ಲಿ ಬಳಸಿದರು. ದೊಡ್ಡ ಆರ್ಡರ್ ಬರಲಿಲ್ಲ. ವರ್ಷಕ್ಕೆ 50 ಸಾವಿರ ಹೋಗಬಹುದೆಂದು ಅಂದಾಜು ಮಾಡಿದ್ದರು. ಹೋದದ್ದು ನಾಲ್ಕು ಸಾವಿರದಷ್ಟು ಎಂದು ಆಗಿನ ಪತ್ರಿಕೆಗಳು ಬರೆದವು.

ಎರಡನೆಯದು ಇನ್ನೂ ಕಹಿ. ಯಂತ್ರಕ್ಕೆ ಕನ್ನಡ ಓದಲು ಬರುತ್ತಿತ್ತು, ಓದಲಿಕ್ಕೆ ಕನ್ನಡದಲ್ಲಿ ಏನಿತ್ತು? ಇವತ್ತಿನ ಮಾರುಕಟ್ಟೆಯ ಧಾರಣೆ, ಮಳೆಯ ಸುದ್ದಿ, ಅರ್ಜಿಯ ಸ್ಥಿತಿ ಇವೆಲ್ಲ ಆಗ ಆನ್‌ಲೈನ್ ಇರಲಿಲ್ಲ. ಕನ್ನಡದ ಪತ್ರಿಕೆಗಳ ವೆಬ್‌ಸೈಟುಗಳು ಒಂದೊಂದೂ ತಮ್ಮದೇ ಫಾಂಟ್ ಇಟ್ಟುಕೊಂಡಿದ್ದವು, ಒಂದರ ಅಕ್ಷರ ಇನ್ನೊಂದಕ್ಕೆ ತಿಳಿಯದು. ಊರಿಗೆ ಇಂಟರ್‌ನೆಟ್ ಬರಬೇಕಾದರೆ ಟೆಲಿಫೋನ್ ತಂತಿಯೇ ಗತಿ. ಒಟ್ಟಿನಲ್ಲಿ ಭಾಷೆ ಇತ್ತು, ಉಳಿದದ್ದೆಲ್ಲ ಇರಲಿಲ್ಲ.

ಅಷ್ಟರಲ್ಲಿ ಮೊಬೈಲ್ ಬಂತು. ಒಳಬರುವ ಕರೆಗೂ ದುಡ್ಡು ಕೊಡುವ ಪದ್ಧತಿ 2003ರಲ್ಲಿ ನಿಂತಿತು. ಅದೇ ವರ್ಷ ರಿಲಯನ್ಸ್ 501 ರೂಪಾಯಿ ಕಟ್ಟಿಸಿಕೊಂಡು ಫೋನ್ ಕೈಗಿಟ್ಟಿತು. ಅದೇ ವರ್ಷ ನೋಕಿಯಾ 1100 ಬಂತು. ನೆತ್ತಿಯ ಮೇಲೆ ಟಾರ್ಚು, ಧೂಳು ಹೋಗದ ಕೀಲಿ. ಜಗತ್ತಿನಾದ್ಯಂತ 25 ಕೋಟಿ ಮಾರಾಟವಾದ ಫೋನು ಅದು. ರಾತ್ರಿ ಪಂಪ್‌ಸೆಟ್ ಚಾಲೂ ಮಾಡಲು ಹೋಗುವ ರೈತನಿಗೆ ಕನ್ನಡ ಓದಿ ಹೇಳುವ ಕಂಪ್ಯೂಟರಿಗಿಂತ ಟಾರ್ಚ್ ಇರುವ ಫೋನು ಬೇಕಿತ್ತು. ಅದರಲ್ಲಿ ತಪ್ಪೇನೂ ಇಲ್ಲ. ಹೆಸರು ಓದಲು ಬಾರದವರು ನಂಬರಿನ ಕೊನೆಯ ಎರಡು ಅಂಕಿ ನೋಡಿ ಇದು ಮಗನದು, ಇದು ದಲ್ಲಾಳಿಯದು ಎಂದು ಗುರುತು ಹಿಡಿಯುತ್ತಿದ್ದರು. ಮಿಸ್ಡ್ ಕಾಲ್ ಕೊಡಲು ಅಕ್ಷರ ಬೇಕಿರಲಿಲ್ಲ. ಒಂದು ಮಿಸ್ಡ್ ಕಾಲ್ ಅಂದರೆ ಬಸ್ಸು ಹತ್ತಿದೆ, ಎರಡು ಅಂದರೆ ಬುತ್ತಿ ತಾ.

ನಮ್ಮ ಅಭಿಪ್ರಾಯದಲ್ಲಿ ಮುಂದಿನ ಹತ್ತು ವರ್ಷದ ದಾರಿ ನಿರ್ಧಾರವಾದದ್ದು ಇಲ್ಲೇ. ಕನ್ನಡ ಇಲ್ಲದಿದ್ದರೂ ಫೋನು ಮಾರಾಟವಾಗುತ್ತದೆ ಎಂಬುದು ಕಂಪನಿಗಳಿಗೆ ಗೊತ್ತಾಗಿ ಹೋಯಿತು.

ಆಮೇಲಿನದು ಡಬ್ಬಿಗಳ ಕಾಲ. ನಮ್ಮ ವಾರಿಗೆಯವರಿಗೆ ನೆನಪಿದ್ದೇ ಇರುತ್ತದೆ. ಸ್ಮಾರ್ಟ್‌ಫೋನ್ ಬಂತು, ಫೇಸ್‌ಬುಕ್ ಬಂತು, ಕನ್ನಡದಲ್ಲಿ ಬರೆದದ್ದು ಮಾತ್ರ ಸಾಲು ಸಾಲು ಚೌಕ ಡಬ್ಬಿಗಳಾಗಿ ಕಾಣುತ್ತಿತ್ತು. ಕನ್ನಡ ಲಿಪಿ 1991ರಿಂದಲೇ ಯೂನಿಕೋಡ್‌ನಲ್ಲಿ ಇದೆ. ಫೋನಿನೊಳಗೆ ಫಾಂಟ್ ಹಾಕಬೇಕು, ಒತ್ತಕ್ಷರ ಜೋಡಿಸುವ ಕೆಲಸ ಕಲಿಸಬೇಕು, ಅಷ್ಟೇ ಬಾಕಿ. ಅಷ್ಟನ್ನು ಮಾಡಿಸಿಕೊಳ್ಳಲು ಕಾದೆವು. ಕಾಯುವಾಗ ನಮ್ಮವರು ಒಂದು ಕಳ್ಳದಾರಿ ಕಂಡುಕೊಂಡಿದ್ದರು. ಒಪೆರಾ ಮಿನಿ ತೆರೆದು, ವಿಳಾಸದ ಜಾಗದಲ್ಲಿ ‘ಒಪೆರಾ ಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಬರೆದು, ತೆರೆದ ಪುಟದಲ್ಲಿ ತೀರಾ ಕೆಳಗೆ ಹೋಗಿ, ಬಿಟ್‌ಮ್ಯಾಪ್ ಫಾಂಟ್ ಎಂಬಲ್ಲಿ ‘ನೋ’ ಇದ್ದದ್ದನ್ನು ‘ಯೆಸ್’ ಮಾಡಿದರೆ ಮುಗಿಯಿತು. ಅಕ್ಷರಗಳು ಚಿತ್ರವಾಗಿ ಬಂದು ಕನ್ನಡ ಓದಲು ಸಿಗುತ್ತಿತ್ತು. ಡೇಟಾ ಹೆಚ್ಚು ತಿನ್ನುತ್ತಿತ್ತು, ಪುಟ ನಿಧಾನ. ಕಾಲೇಜು ಹಾಸ್ಟೆಲುಗಳಲ್ಲಿ ಈ ವಿದ್ಯೆ ಒಬ್ಬರಿಂದ ಒಬ್ಬರಿಗೆ ಬಾಯಿಮಾತಿನಲ್ಲೇ ಹರಡಿತು. 2012ರಲ್ಲಿ ಆ್ಯಂಡ್ರಾಯ್ಡ್ 4.1 ಬಂದಾಗ ಕನ್ನಡ, ತೆಲುಗು, ಮಲಯಾಳಂ ಸೇರಿದವು. ಆದರೆ ಹಳೆಯ ಫೋನುಗಳಿಗೆ ಆ ಅಪ್‌ಡೇಟ್ ಬರಲಿಲ್ಲ. ಅಪ್‌ಡೇಟ್ ಎಂಬ ಮಾತಿನ ಒಳಗುಟ್ಟು ಇದೇ ನೋಡಿ. ಅದು ಬರುವುದು ನಿಜವೇ ಆದರೂ ನಿಮ್ಮ ಕೈಯಲ್ಲಿರುವ ಫೋನಿಗೆ ಬರುತ್ತದೆ ಎಂದೇನಿಲ್ಲ.

ದುಬಾರಿ ಫೋನಿನವರ ಕತೆಯೂ ಬೇರೆಯಲ್ಲ. ಮೊದಲ ಐಫೋನ್‌ನಲ್ಲಿ ಬರಹ ಕಾಪಿ ಮಾಡಿ ಇನ್ನೊಂದೆಡೆ ಅಂಟಿಸಲೂ ಬರುತ್ತಿರಲಿಲ್ಲ, ಅದು ಬಂದದ್ದು ಎರಡು ವರ್ಷದ ಮೇಲೆ. ಐಫೋನ್ ಭಾರತಕ್ಕೆ ಕಾಲಿಟ್ಟದ್ದು 2008ರಲ್ಲಿ, ಅದರೊಳಗೆ ಕನ್ನಡ ಕೀಲಿಮಣೆ ಕೊಟ್ಟದ್ದು 2017ರಲ್ಲಿ.

ಐಫೋನ್‌ನ ಸಿರಿ ಬಂದಾಗಿನ ಒಂದು ಸಂಗತಿ ಹೇಳಲೇಬೇಕು. ಬಾಯಲ್ಲಿ ಕೇಳಿದರೆ ಉತ್ತರ ಕೊಡುವ ಸಹಾಯಕಿ ಎಂದು 2011ರ ಅಕ್ಟೋಬರ್‌ನಲ್ಲಿ ಬಂತು. ಇಂಗ್ಲಿಷ್, ಫ್ರೆಂಚ್, ಜರ್ಮನ್ ಬರುತ್ತಿತ್ತು. ಲಂಡನ್ನಿನಲ್ಲಿ ನಿಂತು ಶುದ್ಧ ಇಂಗ್ಲಿಷಿನಲ್ಲೇ ಹತ್ತಿರದ ಹೋಟೆಲ್ ಯಾವುದು ಎಂದು ಕೇಳಿದರೂ ಅದಕ್ಕೆ ಹೇಳಲು ಆಗುತ್ತಿರಲಿಲ್ಲ. ಅಂಗಡಿ, ಹೋಟೆಲುಗಳ ಹುಡುಕಾಟ ಅಮೆರಿಕದೊಳಗೆ ಮಾತ್ರ ಇತ್ತು. ಅಂದರೆ ಭಾಷೆ ಗೊತ್ತಿರುವುದು ಒಂದು, ಊರು ಗೊತ್ತಿರುವುದು ಇನ್ನೊಂದು. ಸಿಂಪ್ಯೂಟರ್‌ಗೆ ಭಾಷೆ ಗೊತ್ತಿತ್ತು, ಊರಿನ ಸಮಾಚಾರ ಯಾರೂ ತುಂಬಿರಲಿಲ್ಲ. ಸಿರಿಗೆ ಎರಡೂ ಅಮೆರಿಕದವೇ ಮೊದಲು. 2024ರಲ್ಲಿ ಬಂದ ಕಿತ್ತಳೆ ಬಣ್ಣದ ‘ರ‍್ಯಾಬಿಟ್ ಆರ್1’ ಎಂಬ ಎಐ ಡಬ್ಬಿಯಲ್ಲೂ ಇದೇ ತೊಂದರೆ. 199 ಡಾಲರ್‌ನ ಆ ಡಬ್ಬಿ ನಿಮ್ಮ ಪರವಾಗಿ ಆ್ಯಪ್‌ಗಳನ್ನು ತಾನೇ ಓಡಿಸುತ್ತದೆ ಎಂದಿದ್ದರು. ಕೈಗೆ ಬಂದಾಗ ನಾಲ್ಕೇ ನಾಲ್ಕು ಸೇವೆಗಳಿದ್ದವು. ಊಟ ತರಿಸುವ ಡೋರ್‌ಡ್ಯಾಶ್ ಅದರಲ್ಲೊಂದು, ನಮ್ಮ ದೇಶದಲ್ಲೇ ಇಲ್ಲದ್ದು.

ನಮ್ಮ ಹಳ್ಳಿಗಳಿಗೆ ಈ ಅನುಭವ ನೇರವಾಗಿ ಆದದ್ದು ಜಿಯೋಫೋನ್‌ನಿಂದ. 2017ರ ಜುಲೈನಲ್ಲಿ ಘೋಷಣೆಯಾಯಿತು. 1,500 ರೂಪಾಯಿ ಠೇವಣಿ, 22 ಭಾರತೀಯ ಭಾಷೆ, ಬಾಯಲ್ಲಿ ಹೇಳಿದರೆ ಕೆಲಸ ಮಾಡುವ ಗುಂಡಿ. ಜನ ಮುಗಿಬಿದ್ದರು. ತಂದು ನೋಡಿದರೆ ವಾಟ್ಸ್ಆ್ಯಪ್ ಇಲ್ಲ. ದುಬೈಗೆ ದುಡಿಯಲು ಹೋದ ಮಗನ ಮುಖ ನೋಡಬಹುದು ಎಂದು ಕೊಂಡವರಿಗೆ ಎಷ್ಟು ಬೇಸರವಾಗಿರಬೇಡ. ಒಂದು ವರ್ಷದ ಮೇಲೆ, 2018ರ ಆಗಸ್ಟ್ 15ಕ್ಕೆ ವಾಟ್ಸ್ಆ್ಯಪ್ ಕೊಡುತ್ತೇವೆ ಎಂದರು. ಬಂದದ್ದು ಸೆಪ್ಟೆಂಬರ್ 10ರಂದು. ಬಂತಲ್ಲ ಎನ್ನಿ. ಹೇಳಿದ ಮಾತು ತಡವಾಗಿಯಾದರೂ ನಡೆದ ಉದಾಹರಣೆಯೂ ಈ ಇತಿಹಾಸದಲ್ಲಿ ಇರಬೇಕು.

2017ರ ಆಗಸ್ಟ್‌ನಲ್ಲಿ ಸದ್ದಿಲ್ಲದೆ ಇನ್ನೊಂದು ನಡೆಯಿತು. ಗೂಗಲ್‌ನ ವಾಯ್ಸ್ ಟೈಪಿಂಗ್‌ಗೆ ಕನ್ನಡ ಸೇರಿತು. ಬಾಯಲ್ಲಿ ಹೇಳಿದ್ದು ಅಕ್ಷರವಾಗುವ ಸೌಲಭ್ಯ. ಸಿಂಪ್ಯೂಟರ್ ಓದಿ ಹೇಳುತ್ತಿತ್ತು, ಆದರೆ ನಾವು ಹೇಳಿದ್ದು ಅದಕ್ಕೆ ಕೇಳಿಸುತ್ತಿರಲಿಲ್ಲ. ಯಂತ್ರ ಮಾತಾಡುವುದು ಸುಲಭ, ಒಬ್ಬರ ದನಿ ಮುದ್ರಿಸಿಕೊಂಡರೆ ಸಾಕು. ಕೇಳಿಸಿಕೊಳ್ಳುವುದು ಕಷ್ಟ. ಯಾಕೆಂದರೆ ಮುದುಕಿಯ ದನಿ ಬೇರೆ, ಹುಡುಗನದು ಬೇರೆ. ಬೀದರಿನದು ಬೇರೆ, ಕುಂದಾಪುರದ್ದು ಬೇರೆ. ಹಿಂದೆ ಟ್ರ್ಯಾಕ್ಟರ್ ಸದ್ದು ಇರುತ್ತದೆ, ಕೋಳಿ ಕೂಗುತ್ತಿರುತ್ತದೆ. ಇದೆಲ್ಲದರ ನಡುವೆ ಮಾತು ಹಿಡಿಯಬೇಕಾದರೆ ಸಾವಿರಾರು ಗಂಟೆಗಳ ಧ್ವನಿ ಮುದ್ರಣ, ಅದರ ಪಕ್ಕದಲ್ಲೇ ಬರೆದಿಟ್ಟ ಪಠ್ಯ ಎರಡೂ ಬೇಕು. ಇಂಗ್ಲಿಷಿಗೆ ಅವು ಬೆಟ್ಟದಷ್ಟಿದ್ದವು. ಕನ್ನಡಕ್ಕೆ ಯಾರೋ ಕುಳಿತು ಒಂದೊಂದೇ ಕೂಡಿಸಬೇಕಿತ್ತು.

ಕೂಡಿಸಿದವರು ಯಾರು? ಅದರಲ್ಲಿ ನಮ್ಮ ಹಳ್ಳಿಯವರೂ ಇದ್ದಾರೆ, ಈ ಸಂಗತಿ ಇನ್ನಷ್ಟು ಜನರಿಗೆ ಗೊತ್ತಾಗಬೇಕು. ಬೆಂಗಳೂರಿನ ಕಾರ್ಯಾ ಎಂಬ ಸಂಸ್ಥೆ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿ ಜನರ ಮೊಬೈಲಿಗೆ ಕನ್ನಡ ವಾಕ್ಯ ಕಳಿಸಿ, ಅವರು ಗಟ್ಟಿಯಾಗಿ ಓದಿದ್ದನ್ನು ಮುದ್ರಿಸಿಕೊಂಡಿತು. ಗಂಟೆಗೆ ಸುಮಾರು 5 ಡಾಲರ್ ಕೂಲಿ, ಅಂದರೆ 400 ರೂಪಾಯಿ. ಆ ಧ್ವನಿ ಮುಂದೆ ಮತ್ತೆ ಮಾರಾಟವಾದರೆ ಅದರಲ್ಲೂ ಪಾಲು ಎಂಬ ಒಪ್ಪಂದ. ದಿನವಿಡೀ ಕಳೆ ಕಿತ್ತರೂ ಅಷ್ಟು ಸಿಗದ ಹೆಣ್ಣುಮಕ್ಕಳು ರಾತ್ರಿ ಕೆಲಸ ಮುಗಿಸಿ, ಮನೆಯ ಸದ್ದಡಗಿದ ಮೇಲೆ ಇಂಥ ವಾಕ್ಯ ಓದುವುದನ್ನು ಊಹಿಸಿಕೊಳ್ಳಿ. ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಒಂಬತ್ತು ಭಾಷೆಗಳಲ್ಲಿ, ಒಂದೊಂದು ಭಾಷೆಯ ಬೇರೆ ಬೇರೆ ಆಡುಮಾತುಗಳಲ್ಲಿ, ಬೇಸಾಯ ಮತ್ತು ಬ್ಯಾಂಕಿನ ವ್ಯವಹಾರದ ಮಾತುಗಳನ್ನೇ ಆರಿಸಿ ಮುದ್ರಿಸಿತು. ಕನ್ನಡವೂ ಅದರಲ್ಲಿದೆ. ಸಿಂಪ್ಯೂಟರ್ ಹುಟ್ಟಿದ ಅದೇ ಸಂಸ್ಥೆ ಎಂಬುದನ್ನು ಗಮನಿಸಿ.

ಹೀಗಾಗಿ 2024ರಲ್ಲಿ ಒಂದು ತಮಾಷೆ ನಡೆಯಿತು. ಏಪ್ರಿಲ್‌ನಲ್ಲಿ ಹೊಸ ಹೊಸ ಎಐ ಡಬ್ಬಿಗಳು ಬಂದು, ಅವುಗಳಲ್ಲಿ ಏನೇನಿಲ್ಲ ಎಂದು ಜಗತ್ತೆಲ್ಲ ಪಟ್ಟಿ ಮಾಡುತ್ತಿತ್ತು. ಜೂನ್ 18ರಂದು ಗೂಗಲ್‌ನ ಜೆಮಿನಿ ಆ್ಯಪ್ ಭಾರತಕ್ಕೆ ಬಂದಾಗ ಮೊದಲ ದಿನವೇ ಒಂಬತ್ತು ಭಾರತೀಯ ಭಾಷೆಗಳಿದ್ದವು, ಕನ್ನಡ ಅದರಲ್ಲೊಂದು. ಅದೇ ತಿಂಗಳು ಗೂಗಲ್ ಅನುವಾದಕ್ಕೆ ತುಳು ಸೇರಿತು. 58 ಸಾವಿರದ ಪಿನ್ ಕೊಂಡವರಿಗೆ ಸಿಗದ ನೆಮ್ಮದಿ ಎಂಟು ಸಾವಿರದ ಫೋನು ಇಟ್ಟುಕೊಂಡವರಿಗೆ ಸಿಕ್ಕಿತು.

ಹಾಗೆಂದು ‘ಕನ್ನಡ ಐತಿ’ ಎಂದ ಕೂಡಲೇ ನಂಬುವಂತಿಲ್ಲ. ಬೋರ್ಡಿನ ಮೇಲೆ ಬರೆದ ಕನ್ನಡ ಯಾವ ಕನ್ನಡ ಎಂದು ನೋಡಬೇಕು. ಬರೀ ಮೆನು ಕನ್ನಡದಲ್ಲಿ ಇದ್ದರೂ ‘ಕನ್ನಡ ಇದೆ’ ಎನ್ನುತ್ತಾರೆ, ಮಾತು ತಿಳಿದರೂ ಹಾಗೆಯೇ ಎನ್ನುತ್ತಾರೆ. ಒಂದು ಆ್ಯಪ್‌ಗೆ ನಾವು ನಮ್ಮ ಕಡೆಯ ಮಾತಿನಲ್ಲೇ, ‘ಹತ್ತಿಗೆ ಎಡಿ ಯಾವಾಗ ಹೊಡೀಬೇಕ್ರಿ’ ಎಂದು ಕೇಳಿದೆವು. ಸಾಲಿನ ನಡುವೆ ಕಳೆ ತೆಗೆಯಲು ಎಡೆಕುಂಟೆ ಹೊಡೆಯುವುದು ಅದಕ್ಕೆ ಗೊತ್ತಿಲ್ಲ. ಯಾರನ್ನೂ ಹೊಡೆಯುವುದು ಸರಿಯಲ್ಲ, ಮಾತಿನಲ್ಲಿ ಬಗೆಹರಿಸಿಕೊಳ್ಳಿ ಎಂದು ಬುದ್ಧಿ ಹೇಳಿತು! ನಗು ಬಂತು. ಆದರೆ ಔಷಧಿ ಎಷ್ಟು ಸಿಂಪಡಿಸಬೇಕು ಎಂದು ಕೇಳಿದಾಗ ‘ಪಾವು’ ಎಂದದ್ದು ‘ಐವತ್ತು’ ಎಂದು ಕೇಳಿಸಿದರೆ ನಗುವಂತಿಲ್ಲ. ಅಕ್ಷರ ಬಲ್ಲವರು ತಪ್ಪು ಕಂಡು ತಿದ್ದುತ್ತಾರೆ. ಅಕ್ಷರ ಬಾರದವರಿಗೆ ಯಂತ್ರ ಏನು ಕೇಳಿಸಿಕೊಂಡಿತು ಎಂದೇ ತಿಳಿಯುವುದಿಲ್ಲ. ಹೊಸ ಫೋನು, ಹೊಸ ಸ್ಪೀಕರ್, ಯಾವುದೇ ಕೊಳ್ಳುವ ಮುಂಚೆ ಮನೆಯ ಹಿರಿಯರನ್ನು ಅಂಗಡಿಗೆ ಕರೆದುಕೊಂಡು ಹೋಗಿ ಅವರ ಬಾಯಿಂದಲೇ ಎರಡು ಪ್ರಶ್ನೆ ಕೇಳಿಸಿ ನೋಡಿ. ಅಂಗಡಿಯವರು ಬೇಡ ಎಂದರೆ ಬೇರೆ ಅಂಗಡಿ ಇದೆ. ಇವತ್ತು ಪೆಟ್ಟಿಗೆಯಲ್ಲಿ ಇರುವುದಕ್ಕೆ ದುಡ್ಡು ಕೊಡಿ, ಬರುತ್ತೆ ಎಂದದ್ದಕ್ಕೆ ಬಂದ ಮೇಲೆ ಕೊಟ್ಟರಾಯಿತು.

ಇನ್ನೊಂದು ಕೆಲಸ ಈಗಲೂ ನಡೆಯುತ್ತಿದೆ. ವಿಜ್ಞಾನ ಸಂಸ್ಥೆ ಮತ್ತು ಗೂಗಲ್ ಸೇರಿ 2022ರಲ್ಲಿ ‘ವಾಣಿ’ ಎಂಬ ಯೋಜನೆ ಆರಂಭಿಸಿದವು. ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗೂ ಹೆಚ್ಚು ಮಾತು ಮುದ್ರಿಸುವ ಗುರಿ. ಇದರಲ್ಲಿ ವಾಕ್ಯ ಕೊಟ್ಟು ಓದಿಸುವುದಿಲ್ಲ. ಫೋನಿನ ಪರದೆಯ ಮೇಲೆ ಒಂದು ಚಿತ್ರ ಬರುತ್ತದೆ, ಅದರಲ್ಲಿ ಏನು ಕಾಣುತ್ತದೋ ಅದನ್ನು ಹೇಳಬೇಕು. ಇಂಥ ಕೆಲಸದವರು ನಿಮ್ಮೂರಿಗೆ ಬಂದರೆ ಮೊದಲು ಧ್ವನಿಗೆ ಏನು ಕೊಡುತ್ತೀರಿ, ಅದು ಎಲ್ಲಿ ಹೋಗುತ್ತದೆ ಎಂದು ಕೇಳಿ ತಿಳಿದುಕೊಳ್ಳಿ. ಒಪ್ಪಿಗೆಯಾದರೆ ಕುಳಿತು ಹೇಳಿ. ಟಿವಿಯ ಕನ್ನಡ ಆಡಬೇಡಿ. ಎಡೆಕುಂಟೆಯ ಚಿತ್ರ ಬಂದರೆ ನಿಮ್ಮ ಹೊಲದಲ್ಲಿ ಅದಕ್ಕೆ ಏನನ್ನುತ್ತೀರೋ ಅದನ್ನೇ ಅನ್ನಿ.